ಎಳೆಯುತ್ತೆ ಸರಿ, ಹೊರುತ್ತಾ?

ಕಳೆದ ಶನಿವಾರ ಬೆಳಿಗ್ಗೆ ಏಳೂವರೆಗೆ, ಟೆಕ್ಸಸ್‌ನ ಇಂಟರ್‌ಸ್ಟೇಟ್ 35ರ ಪಕ್ಕದ ಒಂದು ಟ್ರಕ್ ಸ್ಟಾಪಿನಲ್ಲಿ ಪುಟ್ಟ ತೂಕದ ಚೀಟಿಯೊಂದು ಕೈಗೆ ಬಂತು. ಅದರಲ್ಲಿದ್ದದ್ದು ನಾಲ್ಕೇ ಸಂಖ್ಯೆ. ಟ್ರಕ್ಕಿನ ಮುಂದಿನ ಆಕ್ಸಲ್ (ಚಕ್ರಗಳ ಅಚ್ಚು) 4,880 ಪೌಂಡ್, ಹಿಂದಿನ ಆಕ್ಸಲ್ 6,920, ಟ್ರೇಲರಿನ ಆಕ್ಸಲ್‌ಗಳು 11,140, ಒಟ್ಟು 22,940. ಚೀಟಿ ಹಿಡಿದು ನಿಂತಿದ್ದ ಹಿರಿಯರು ಅದನ್ನು ಎರಡು ಸಲ ಓದಿದರು. ಆಮೇಲೆ ತಲೆ ಎತ್ತಿ ಒಂದೇ ಮಾತು ಕೇಳಿದರು.

"ಎಳೆಯುತ್ತೆ ಅಂತ ಹೇಳಿದ್ರಲ್ಲಪ್ಪಾ?"

ಈ ವಾರವೆಲ್ಲ ಆ ಮಾತೇ ಕಿವಿಯಲ್ಲಿದೆ. ಹೇಳಿದವನು ಟ್ರೇಲರ್ ಮಾರಿದ ಅಂಗಡಿಯವನು. ಅವನು ಸುಳ್ಳು ಹೇಳಿರಲಿಲ್ಲ. ಟ್ರಕ್ ಎಳೆಯಿತು, ಮನೆಯಿಂದ ಅಲ್ಲಿಯವರೆಗೆ ನಲವತ್ತು ಮೈಲಿ ಎಳೆದುಕೊಂಡೇ ಬಂದಿತ್ತು. ಎಳೆಯುವುದು ಬೇರೆ, ಹೊರುವುದು ಬೇರೆ ಅನ್ನುವುದನ್ನು ಮಾತ್ರ ಅವನು ಹೇಳಲಿಲ್ಲ. ನನ್ನ ಸಿಟ್ಟು ಇರುವುದು ಅದಕ್ಕೇ.

ಆ ಹಿರಿಯರು ಮತ್ತು ಅವರ ಹೆಂಡತಿ, ನನ್ನ ಬಾಯಲ್ಲಿ ಅಂಕಲ್ ಮತ್ತು ಅಮ್ಮ, ಅರವತ್ನಾಲ್ಕು ಮತ್ತು ಅರವತ್ತೆರಡರ ದಂಪತಿ, ಹಾಸನದ ಕಡೆಯವರು. ಮೂವತ್ತು ವರ್ಷ ದುಡಿದು ಈಗ ಮನೆ ಮಾರಾಟಕ್ಕಿಟ್ಟಿದ್ದಾರೆ. ಇನ್ನು ಮುಂದೆ ಆರ್‌ವಿಯೇ, ಅಂದರೆ ಒಳಗೆ ವಾಸ ಮಾಡಬಹುದಾದ ಗಾಡಿಯೇ, ಮನೆ. ಚಳಿಗಾಲ ಅರಿಜೋನಾ, ಬೇಸಿಗೆ ಕೊಲೊರಾಡೊ, ನಡುವೆ ಇಬ್ಬರು ಮಕ್ಕಳ ಊರು. ಆಸೆಯಲ್ಲಿ ತಪ್ಪೇನಿಲ್ಲ, ಎಷ್ಟೋ ಜನ ಹಾಗೆ ಸುಖವಾಗಿ ಬದುಕುತ್ತಿದ್ದಾರೆ. ಕೊಂಡಿರುವುದು 36 ಅಡಿಯ ಫಿಫ್ತ್ ವೀಲ್. ಅಂದರೆ ಪಿಕಪ್ ಟ್ರಕ್ಕಿನ ಹಿಂಭಾಗದ ಬೆಡ್ ಒಳಗೆ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಕೂರಿಸಿ, ಅದರ ಮೇಲೆ ಮೂತಿ ಇಟ್ಟುಕೊಂಡು ಸಾಗುವ ದೊಡ್ಡ ಟ್ರೇಲರ್. ಎಳೆಯಲು ಮುಕ್ಕಾಲು ಟನ್ ವರ್ಗದ ಟ್ರಕ್ (ಅದು ವರ್ಗದ ಹೆಸರಷ್ಟೇ, ಹೊರುವ ಲೆಕ್ಕವಲ್ಲ).

ಚೀಟಿ ಓದುವುದು ಹೀಗೆ. ಟ್ರಕ್ಕಿನ ಎರಡು ಆಕ್ಸಲ್ ಕೂಡಿಸಿದರೆ 11,800. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಅಂಟಿಸಿರುವ ಲೇಬಲ್‌ನಲ್ಲಿ ಆ ಟ್ರಕ್ಕಿನ ಜಿವಿಡಬ್ಲ್ಯುಆರ್, ಅಂದರೆ ತುಂಬಿದ ಮೇಲೆ ಇರಬಹುದಾದ ಗರಿಷ್ಠ ತೂಕ, 10,000. ಅಲ್ಲಿಗೆ 1,800 ಪೌಂಡ್ ಹೆಚ್ಚು. ಹಿಂದಿನ ಆಕ್ಸಲಿಗೆ ಅದೇ ಲೇಬಲ್ ಕೊಟ್ಟಿರುವ ಮಿತಿ 6,390. ಅಲ್ಲಿ 530 ಹೆಚ್ಚು. ಟ್ರೇಲರಿನ ನಿಜವಾದ ತೂಕ ತಿಳಿಯಬೇಕಾದರೆ ಇನ್ನೊಂದು ಸಲ ತೂಗಬೇಕು. ಟ್ರೇಲರನ್ನು ಬಿಚ್ಚಿ ಕಾಲುಗಳ ಮೇಲೆ ನಿಲ್ಲಿಸಿ, ಬರೀ ಟ್ರಕ್ಕನ್ನು ಕ್ಯಾಟ್ ಸ್ಕೇಲ್ ಎಂಬ ಟ್ರಕ್ ತೂಗುವ ಕಟ್ಟೆಯ ಮೇಲೆ ಹತ್ತಿಸಿದೆವು. ಮೊದಲ ತೂಕಕ್ಕೆ ಹದಿನೈದು ಡಾಲರಿನ ಆಸುಪಾಸು, ಅದೇ ಜಾಗದಲ್ಲಿ 24 ಗಂಟೆಯೊಳಗೆ ಮತ್ತೆ ತೂಗಿದರೆ ಅದಕ್ಕಿಂತ ತೀರಾ ಕಡಿಮೆ. ಒಂಟಿ ಟ್ರಕ್ 8,540. 11,800ರಲ್ಲಿ ಅದನ್ನು ಕಳೆದರೆ 3,260. ಅಷ್ಟೂ ಟ್ರೇಲರಿನ ಮೂತಿ ಟ್ರಕ್ಕಿನ ಬೆನ್ನ ಮೇಲೆ ಹಾಕಿರುವ ಭಾರ. ಪಿನ್ ವೇಟ್ ಎನ್ನುವುದು ಅದನ್ನೇ. 11,140ಕ್ಕೆ ಇದನ್ನು ಸೇರಿಸಿದರೆ ಟ್ರೇಲರ್ 14,400 ಆಯಿತು. ಅದರ ಮಿತಿ 14,000.

ಅಂಗಡಿಯ ಕೈಪತ್ರದಲ್ಲಿ ಪಿನ್ ವೇಟ್ 2,150 ಎಂದು ಅಚ್ಚಾಗಿದೆ. ಅದು ಖಾಲಿ ಟ್ರೇಲರಿನ ಲೆಕ್ಕ. ನೀರಿಲ್ಲ, ಪಾತ್ರೆಯಿಲ್ಲ, ಹಾಸಿಗೆಯ ಮೇಲೆ ಹೊದಿಕೆ ಕೂಡ ಇಲ್ಲ. ಫಿಫ್ತ್ ವೀಲ್‌ನಲ್ಲಿ ಮಲಗುವ ಕೋಣೆ, ಬಟ್ಟೆ ಬೀರು, ಅದರಡಿಯ ದೊಡ್ಡ ಸಾಮಾನು ಗೂಡು ಎಲ್ಲ ಮುಂಭಾಗದಲ್ಲೇ ಇರುವುದರಿಂದ, ತುಂಬಿದ್ದರಲ್ಲಿ ದೊಡ್ಡ ಪಾಲು ಪಿನ್ ಮೇಲೆ ಬೀಳುತ್ತದೆ. ಸಂಸಾರ ತುಂಬಿದ ಫಿಫ್ತ್ ವೀಲ್ ತನ್ನ ತೂಕದ 20ರಿಂದ 25 ಶೇಕಡಾ ಟ್ರಕ್ಕಿನ ಮೇಲೆ ಹೇರುತ್ತದೆ. ಹಾಗಾಗಿ ಕೊಳ್ಳುವ ಮೊದಲೇ ಮನೆಯಲ್ಲಿ ಕೂತು ಲೆಕ್ಕ ಹಾಕಬಹುದು. ಟ್ರೇಲರಿನ ಜಿವಿಡಬ್ಲ್ಯುಆರ್ ತೆಗೆದುಕೊಂಡು ಅದರ ಶೇಕಡಾ 23 ಮಾಡಿ, ಹಿಚ್‌ನ ತೂಕ, ಇಬ್ಬರ ಮೈತೂಕ, ಟೂಲ್ ಬಾಕ್ಸ್ ಸೇರಿಸಿ. ಟ್ರಕ್ಕಿನ ಬಾಗಿಲ ಬಳಿಯ ಹಳದಿ-ಬಿಳಿ ಚೀಟಿಯಲ್ಲಿ ಜನ ಮತ್ತು ಸಾಮಾನು ಸೇರಿ ಇಷ್ಟು ಮೀರಬಾರದು ಎಂಬ ಸಂಖ್ಯೆ ಇರುತ್ತದೆ. ಇವರ ಟ್ರಕ್ಕಿನಲ್ಲಿ ಅದು 2,050. ಇಬ್ಬರು, ಹಿಚ್, ಸಾಮಾನು ಸೇರಿ 590 ಆಗಲೇ ಹೋಗಿತ್ತು. ಉಳಿದದ್ದು 1,460, ಕೂತದ್ದು 3,260.

ಎಳೆಯುವ ಶಕ್ತಿ ಎಂದು ಜಾಹೀರಾತಿನಲ್ಲಿ ಬರುವ ದೊಡ್ಡ ಸಂಖ್ಯೆ ಎಂಜಿನ್, ಗೇರ್, ಕೂಲಿಂಗಿಗೆ ಸಂಬಂಧಪಟ್ಟದ್ದು. ಹೊರುವುದು ಸ್ಪ್ರಿಂಗ್, ಆಕ್ಸಲ್, ಚಕ್ರ, ಟೈರುಗಳ ಕೆಲಸ. ಗುಡ್ಡದ ಇಳಿಜಾರಿನಲ್ಲಿ ನಿಲ್ಲಿಸುವುದಂತೂ ಮೂರನೆಯ ಮಾತು. ಎತ್ತಿನ ಗಾಡಿ ಕಂಡವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎತ್ತು ಗಟ್ಟಿಯಿದ್ದರೂ ಅಚ್ಚು ಮುರಿದರೆ ಗಾಡಿ ದಾರಿಯಲ್ಲೇ.

ಆ ಹೊತ್ತಿಗೆ ಅಲ್ಲಿದ್ದ ಇನ್ನೊಬ್ಬ ಆರ್‌ವಿಯವರು, ಒಳ್ಳೆಯ ಮನಸ್ಸಿನಿಂದಲೇ, ಏರ್‌ಬ್ಯಾಗ್ ಹಾಕಿಸಿ ಎಲ್ಲ ಸರಿಹೋಗುತ್ತದೆ ಎಂದರು. ಸರಿಹೋಗುವುದಿಲ್ಲ. ಹಿಂದಿನ ಸ್ಪ್ರಿಂಗಿನ ಜೊತೆ ಗಾಳಿಚೀಲ ಕೂರಿಸಿದರೆ ಟ್ರಕ್ಕಿನ ಬೆನ್ನು ಬಾಗುವುದಿಲ್ಲ, ಹೆಡ್‌ಲೈಟ್ ಆಕಾಶ ನೋಡುವುದಿಲ್ಲ. ಆದರೆ ಆಕ್ಸಲಿನ ಮಿತಿ, ಟೈರಿನ ಮಿತಿ, ಬಾಗಿಲ ಬಳಿಯ ಸಂಖ್ಯೆ ಇದ್ದಲ್ಲೇ ಇರುತ್ತವೆ. ಸಾಮಾನನ್ನೆಲ್ಲ ಟ್ರೇಲರಿನ ಹಿಂದಕ್ಕೆ ಸರಿಸುವುದೂ ಪರಿಹಾರವಲ್ಲ. ಪಿನ್ ಸ್ವಲ್ಪ ಹಗುರಾಗಬಹುದು, ಅಷ್ಟೂ ಭಾರ ಆಗಲೇ ದಣಿದ ಟ್ರೇಲರ್ ಟೈರುಗಳ ಮೇಲೆ ಬೀಳುತ್ತದೆ. ಇವರಿಗಿದ್ದದ್ದು ಎರಡೇ ದಾರಿ: ಹಿಂದೆ ನಾಲ್ಕು ಚಕ್ರವಿರುವ ಒಂದು ಟನ್ ಟ್ರಕ್, ಇಲ್ಲವೇ ಚಿಕ್ಕ ಟ್ರೇಲರ್.

ಅಮ್ಮ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಆಗ ಕೇಳಿದರು, "ರೀ, ನೀರು ತುಂಬಿಸಿದ್ರಾ?" ತುಂಬಿಸಿದ್ದರು, 60 ಗ್ಯಾಲನ್. ಗ್ಯಾಲನ್‌ಗೆ 8.34 ಪೌಂಡಿನಂತೆ ಸರಿಯಾಗಿ 500 ಪೌಂಡ್. ಆರ್‌ವಿ ಪಾರ್ಕಿಗೆ, ಅಂದರೆ ಗಾಡಿ ನಿಲ್ಲಿಸಿಕೊಂಡು ಇರುವ ಜಾಗಕ್ಕೆ, ಹೋಗಿ ನಲ್ಲಿಗೆ ಪೈಪ್ ಸಿಕ್ಕಿಸುವವರು ದಾರಿಯುದ್ದಕ್ಕೂ ಇಷ್ಟು ನೀರು ಹೊತ್ತೊಯ್ಯುವ ಅಗತ್ಯವಿಲ್ಲ, 10 ಗ್ಯಾಲನ್ ಸಾಕು. ನೀರು ಬಿಟ್ಟರೆ ಟ್ರೇಲರ್ ತನ್ನ ಮಿತಿಯೊಳಗೆ ಬರುತ್ತಿತ್ತು. ಟ್ರಕ್ ಬರುತ್ತಿರಲಿಲ್ಲ. ಆದರೂ ಸರಿಯಾದ ಪ್ರಶ್ನೆ ಕೇಳಿದವರು ಅವರೇ. ಅಂಕಲ್ ಎಂಜಿನ್ನಿನ ಟಾರ್ಕ್ ಬಾಯಿಪಾಠ ಮಾಡಿದ್ದರು, ಮನೆಯೊಳಗೆ ಏನೇನು ಎಷ್ಟೆಷ್ಟಿದೆ ಎಂಬುದು ಅಮ್ಮನಿಗೇ ಗೊತ್ತಿದ್ದದ್ದು.

ಟೈರಿನ ಮಾತು ಬೇಗ ಮುಗಿಸುತ್ತೇನೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಡಾಟ್ (DOT) ಕೋಡಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಟ್ರೇಲರ್ ಟೈರುಗಳು ಸವೆಯುವ ಮೊದಲೇ ಮುಪ್ಪಾಗುತ್ತವೆ, ಐದಾರು ವರ್ಷಕ್ಕೆ ಬದಲಿಸಬೇಕು. ಗಾಳಿಯನ್ನು ಬೆಳಿಗ್ಗೆ ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗ ನೋಡಬೇಕು. ಗಾಳಿ ಕಡಿಮೆ, ಭಾರ ಹೆಚ್ಚು ಆದರೆ ಟೈರ್ ಕಾಯುತ್ತದೆ, ಮೇಲಿನ ಪದರ ಕಿತ್ತು ಹೋಗುತ್ತದೆ, ಹೋಗುವಾಗ ಚಕ್ರದ ಗೂಡನ್ನು, ಅದರ ಹಿಂದಿನ ವೈರು-ಪೈಪುಗಳನ್ನು ಸಿಗಿದುಕೊಂಡೇ ಹೋಗುತ್ತದೆ.

ನಮ್ಮವರ ಅಡುಗೆಮನೆಯ ವಿಷಯ ಇಲ್ಲಿನ ಯಾವ ಮಾರ್ಗದರ್ಶಿಯಲ್ಲೂ ಸರಿಯಾಗಿ ಸಿಗದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಪಾರ್ಕಿನಲ್ಲಿ 30 ಆಂಪ್ ಸಾಕೆಟ್ ಸಿಕ್ಕರೆ 120 ವೋಲ್ಟಿಗೆ ಒಟ್ಟು 3,600 ವಾಟ್. 50 ಆಂಪ್ ಸಾಕೆಟ್ಟಿನಲ್ಲಿ ತಲಾ 50ರ ಎರಡು ಲೈನ್ ಇರುವುದರಿಂದ ಅದು 12,000 ವಾಟ್. ಎರಡಕ್ಕೂ ಇಪ್ಪತ್ತರ ವ್ಯತ್ಯಾಸ ಅಂದುಕೊಳ್ಳಬೇಡಿ. 30ರಲ್ಲಿ ಎಸಿ 13 ಆಂಪ್, ಇಂಡಕ್ಷನ್ ಒಲೆ 15, ವಾಟರ್ ಹೀಟರಿನ ಕಾಯಿಲ್ 12 ತೆಗೆದುಕೊಂಡರೆ 40 ಆಯಿತು, ಬ್ರೇಕರ್ ಬಿತ್ತು. ಹೀಟರನ್ನು ಗ್ಯಾಸಿಗೆ ಹಾಕಿ, ಎಸಿ ಓಡುವಾಗ ಅನ್ನ, ಸಾರನ್ನು ಗ್ಯಾಸ್ ಒಲೆಯ ಮೇಲೆ ಮಾಡಿ. ಟೇಬಲ್‌ಟಾಪ್ ಗ್ರೈಂಡರ್ ಎಳೆಯುವುದು ಎರಡು ಆಂಪಿಗೂ ಕಡಿಮೆ, ಹಿಟ್ಟು ರುಬ್ಬಲು ಹೆದರಬೇಕಿಲ್ಲ. ಪಾರ್ಕಿನ ಕರೆಂಟ್ ಕಂಬಕ್ಕೆ ನೇರವಾಗಿ ಸಿಕ್ಕಿಸುವ ಮೊದಲು ನಡುವೆ ಇಎಂಎಸ್, ಅಂದರೆ ವೋಲ್ಟೇಜ್ ಕಾಯುವ ಪೆಟ್ಟಿಗೆ, ಇರಲೇಬೇಕು. ಬೇಸಿಗೆಯ ಮಧ್ಯಾಹ್ನ ಪಾರ್ಕಿನಲ್ಲಿ ಎಲ್ಲರ ಎಸಿ ಓಡುವಾಗ ವೋಲ್ಟೇಜ್ ಇಳಿಯುತ್ತದೆ. 104ಕ್ಕಿಂತ ಕೆಳಗಿಳಿದರೆ ಅದು ಲೈನ್ ಕತ್ತರಿಸಿ ನಿಮ್ಮ ಎಸಿಯ ಕಂಪ್ರೆಸರ್ ಉಳಿಸುತ್ತದೆ.

ಕುಕ್ಕರ್ ಕೂಗಿದಷ್ಟೂ ಆವಿ. ಅದರ ಮೇಲೆ ಒಂದು ಗ್ಯಾಲನ್ ಪ್ರೊಪೇನ್ ಉರಿದರೆ ಮುಕ್ಕಾಲು ಗ್ಯಾಲನ್‌ಗೂ ಹೆಚ್ಚು ನೀರು ಆವಿಯಾಗಿ ಒಳಗೇ ಸೇರುತ್ತದೆ. ಚಳಿಯಲ್ಲಿ ಅದೆಲ್ಲ ಕಿಟಕಿ, ಹಾಸಿಗೆಯಡಿ, ಬೀರುವಿನ ಹಿಂಗೋಡೆಯಲ್ಲಿ ಬೆವರಾಗಿ ಇಳಿದು ಬೂಷ್ಟು ಹಿಡಿಯುತ್ತದೆ. ಹಿಮ ಬೀಳುತ್ತಿದ್ದರೂ ಅಡುಗೆ ಮಾಡುವಾಗ ಚಾವಣಿಯ ಫ್ಯಾನ್ ಓಡಿಸಿ, ಎದುರಿನ ಕಿಟಕಿ ಒಂದು ಬೆರಳಷ್ಟು ತೆಗೆಯಬೇಕು. ಒಗ್ಗರಣೆಯ ಹೊಗೆಗೆ ಅಲಾರಂ ಕೂಗಿದರೆ ಬ್ಯಾಟರಿ ಕಿತ್ತಿಡುವ ಚಾಳಿ ನಮ್ಮವರಲ್ಲಿದೆ. ದಯವಿಟ್ಟು ಬೇಡ. ಅಷ್ಟು ಚಿಕ್ಕ ಜಾಗದಲ್ಲಿ ಬೆಂಕಿ ಹತ್ತಿದರೆ, ಗ್ಯಾಸ್ ಸೋರಿದರೆ, ಕಾರ್ಬನ್ ಮೋನಾಕ್ಸೈಡ್ ತುಂಬಿದರೆ ಎಚ್ಚರಿಸುವುದು ಆ ಪೆಟ್ಟಿಗೆಗಳೇ. ಗ್ಯಾಸ್, ಕಾರ್ಬನ್ ಮೋನಾಕ್ಸೈಡ್ ಅಲಾರಂಗಳಿಗೆ ಸಾಮಾನ್ಯವಾಗಿ ಐದರಿಂದ ಏಳು ವರ್ಷದ ಆಯುಸ್ಸು, ಹಿಂದೆ ತಾರೀಖು ಬರೆದಿರುತ್ತದೆ. ಕರಿಯುವುದು, ಜೋರು ಒಗ್ಗರಣೆ ಎಲ್ಲ ಹೊರಗಿನ ಒಲೆಯಲ್ಲಿ ಮಾಡಿಕೊಳ್ಳಿ.

ಪಾತ್ರೆ ತೊಳೆದ ನೀರು ಹೋಗುವುದು ಗ್ರೇ ಟ್ಯಾಂಕಿಗೆ, ಶೌಚದ್ದು ಬ್ಲ್ಯಾಕ್ ಟ್ಯಾಂಕಿಗೆ. ಅನ್ನದ ಗಂಜಿ, ಬೇಳೆಯ ತಳ, ತುಪ್ಪ, ಎಣ್ಣೆ ಗ್ರೇ ಟ್ಯಾಂಕಿನ ಗೋಡೆಗೆ ಮೆತ್ತಿಕೊಂಡು ಕೊಳೆತರೆ ಬ್ಲ್ಯಾಕ್ ಟ್ಯಾಂಕಿಗಿಂತ ಕೆಟ್ಟ ವಾಸನೆ. ತಟ್ಟೆ, ಬಾಣಲೆಗಳನ್ನು ಮೊದಲು ಕಾಗದದಲ್ಲಿ ಒರೆಸಿ ಆಮೇಲೆ ತೊಳೆಯಬೇಕು. ಬ್ಲ್ಯಾಕ್ ಟ್ಯಾಂಕಿನ ವಾಲ್ವನ್ನು ಪಾರ್ಕಿನಲ್ಲಿ ತೆರೆದೇ ಇಡುವುದು ಹೊಸಬರು ಮಾಡುವ ತಪ್ಪು. ನೀರು ಹರಿದುಹೋಗಿ ಉಳಿದದ್ದು ಒಳಗೆ ಗುಡ್ಡೆಯಾಗಿ ಗಟ್ಟಿಯಾಗುತ್ತದೆ. ವಾಲ್ವ್ ಮುಚ್ಚಿಟ್ಟು, ಮೂರನೇ ಎರಡು ಭಾಗ ತುಂಬಿದ ಮೇಲೆ ಒಮ್ಮೆಗೇ ಬಿಡಬೇಕು. ಅದರ ಹಿಂದೆಯೇ ಗ್ರೇ ಬಿಟ್ಟರೆ ಪೈಪ್ ತೊಳೆದುಹೋಗುತ್ತದೆ. ಖಾಲಿ ಮಾಡಿದ ಕೂಡಲೇ ಮೂರ್ನಾಲ್ಕು ಗ್ಯಾಲನ್ ನೀರು ಒಳಗೆ ಹಾಕಿ. ಇಲ್ಲೊಂದು ಕಡೆ ನಮ್ಮ ಅಭ್ಯಾಸವೇ ಒಳ್ಳೆಯದು. ನೀರು ಬಳಸುವವರ ಟ್ಯಾಂಕ್ ಬೇಗ ತುಂಬುತ್ತದೆ ನಿಜ, ಆದರೆ ಕಾಗದದ ಕಗ್ಗಂಟು ಆಗುವುದಿಲ್ಲ.

ವಿಳಾಸದ ಗಂಟು ಇದಕ್ಕಿಂತ ಬಿಗಿ. ಮನೆ ಮಾರಿದ ದಿನ ವಿಳಾಸವೂ ಹೋಗುತ್ತದೆ. ಟೆಕ್ಸಸ್, ಫ್ಲಾರಿಡಾ, ಸೌತ್ ಡಕೋಟಾಗಳಿಗೆ ರಾಜ್ಯದ ಆದಾಯ ತೆರಿಗೆ ಇಲ್ಲ, ಅಂಚೆ ಪಡೆದು ಮುಂದಕ್ಕೆ ಕಳಿಸುವ ಸೇವೆಗಳೂ ಇವೆ, ಹಾಗಾಗಿ ಆರ್‌ವಿಯವರು ಹೆಚ್ಚಾಗಿ ಈ ಮೂರರಲ್ಲಿ ಒಂದನ್ನು ತಮ್ಮ ರಾಜ್ಯ ಮಾಡಿಕೊಳ್ಳುತ್ತಾರೆ. ಅಂಚೆ ಸೇವೆಗೆ 1583 ಎಂಬ ಫಾರಂ ತುಂಬಬೇಕು. ಅಮ್ಮ ಇನ್ನೂ ಗ್ರೀನ್ ಕಾರ್ಡಿನಲ್ಲಿದ್ದಾರೆ. ಪೌರತ್ವ ಪಡೆಯದವರು ವಾಸದ ಜಾಗ ಬದಲಾದ 10 ದಿನದೊಳಗೆ ವಲಸೆ ಇಲಾಖೆಗೆ ಎಆರ್-11 ಎಂಬ ವಿಳಾಸ ಬದಲಾವಣೆಯ ಫಾರಂ ಸಲ್ಲಿಸಬೇಕು, ಅಂಚೆಯ ವಿಳಾಸ ಕೊಟ್ಟರೆ ಸಾಲದು, ಇರುವ ಜಾಗವನ್ನೂ ಹೇಳಬೇಕು. ವಾರಕ್ಕೊಂದು ಪಾರ್ಕ್ ಬದಲಿಸುವವರು ಹೊರಡುವ ಮುನ್ನ ವಕೀಲರನ್ನು ಕಂಡು ಬರುವುದು ಕ್ಷೇಮ. ಆರೋಗ್ಯ ವಿಮೆಯೂ ಹಾಗೆಯೇ. 65 ತುಂಬುವವರೆಗೆ ಸ್ವಂತವಾಗಿ ಕೊಳ್ಳುವ ಪಾಲಿಸಿಗಳ ಆಸ್ಪತ್ರೆಗಳ ಜಾಲ ಸಾಮಾನ್ಯವಾಗಿ ಒಂದು ಪ್ರದೇಶಕ್ಕೆ ಸೀಮಿತ. ತುಂಬಿದ ಮೇಲೆ ಸಿಗುವ ಸರ್ಕಾರಿ ವಿಮೆ, ಮೂಲ ಮೆಡಿಕೇರ್, ದೇಶದೆಲ್ಲೆಡೆ ನಡೆಯುತ್ತದೆ, ಅದರ ಬದಲು ಖಾಸಗಿ ಕಂಪನಿಗಳು ಕೊಡುವ ಅಡ್ವಾಂಟೇಜ್ ಪ್ಲಾನ್‌ಗಳು ಸಾಮಾನ್ಯವಾಗಿ ಹಾಗಲ್ಲ. ಟ್ರೇಲರಿಗೂ ಅದರಲ್ಲೇ ಖಾಯಂ ವಾಸಿಸುವವರ ಫುಲ್‌ಟೈಮರ್ ವಿಮೆಯೇ ಬೇಕು. ಅನೇಕ ತಯಾರಕರ ವಾರಂಟಿಯಲ್ಲಿ ಖಾಯಂ ವಾಸಕ್ಕೆ ಅನ್ವಯಿಸುವುದಿಲ್ಲ ಎಂಬ ಸಾಲು ಇರುತ್ತದೆ, ಸಹಿ ಹಾಕುವ ಮುಂಚೆ ಅದನ್ನು ಹುಡುಕಿ ಓದಿ.

ಇಷ್ಟೆಲ್ಲ ಬರೆಯುವಾಗಲೂ ಅಂಕಲ್ ಕೇಳಿದ ಮಾತಿಗೇ ಮನಸ್ಸು ಮರಳುತ್ತದೆ. ಎಳೆಯುತ್ತೆ ಎಂದ ಒಬ್ಬನ ಮಾತು ನಂಬಿ ಅವರು ಇನ್ನೊಂದು ವಾರದಲ್ಲಿ ಮನೆ ಬರೆದುಕೊಡುವವರಿದ್ದರು. ನಾನು ಕಂಡಂತೆ, ಕೆಟ್ಟ ಅನುಭವವಾದವರೆಲ್ಲ ತಪ್ಪು ಗಾಡಿ ಕೊಂಡವರಲ್ಲ, ಅನುಕ್ರಮ ತಪ್ಪಿದವರು. ಮೊದಲು ಮನೆ ಮಾರಿದರು, ಆಮೇಲೆ ಟ್ರೇಲರಿನಲ್ಲಿ ಮಲಗಿ ನೋಡಿದರು. ತಿರುಗಿಸಿ ಮಾಡಬೇಕು. ಟ್ರೇಲರ್ ತುಂಬಿಸಿ ತೂಗಿಸಿ, ಮನೆಯಿಂದ ಇಪ್ಪತ್ತು ಮೈಲಿಯೊಳಗಿನ ಪಾರ್ಕಿನಲ್ಲಿ ಒಂದು ತಿಂಗಳು ಸಂಸಾರ ಮಾಡಬೇಕು. ಮಳೆ ಬಂದರೆ ಚಾವಣಿಯ ಅಂಚು, ಫ್ಯಾನಿನ ಸುತ್ತ ಹಾಕಿದ ಸೀಲೆಂಟ್ ಬಿರುಕು ಬಿಟ್ಟಿದೆಯೇ ತಿಳಿಯುತ್ತದೆ. ಸೋರಿದರೆ, ಬೇಕಾದ ಸಾಮಾನು ಮರೆತಿದ್ದರೆ, ಒಬ್ಬರಿಗೊಬ್ಬರು ಅಡ್ಡ ಬಂದು ಸಿಟ್ಟು ಬಂದರೆ ಮರಳಿ ಹೋಗಲು ಒಂದು ಮನೆ ಇರುತ್ತದೆ.

ನಿನ್ನೆ ಸಂಜೆ ಅವರ ಮನೆಗೆ ಹೋಗಿದ್ದೆ. ಮಾರಾಟದ ಫಲಕ ಅಂಗಳದಿಂದ ಗ್ಯಾರೇಜಿಗೆ ಬಂದಿದೆ. ಹಜಾರದ ನಡುವೆ ಬಚ್ಚಲಿನ ತೂಕದ ಯಂತ್ರ. ಅಮ್ಮ ಒಂದೊಂದೇ ಡಬ್ಬಿ ಎದೆಗವಚಿಕೊಂಡು ಅದರ ಮೇಲೆ ನಿಲ್ಲುತ್ತಾರೆ, ಅಂಕಲ್ ಬಗ್ಗಿ ಓದಿ ಅವರ ಮೈತೂಕ ಕಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಪುಸ್ತಕದ ಪೆಟ್ಟಿಗೆ 41, ಅದರ ಮೇಲೆ ಗೀಟು. ಹಿತ್ತಾಳೆ ದೀಪ 9. ಉಪಕರಣದ ಪೆಟ್ಟಿಗೆ 63, ಅದಕ್ಕೂ ಗೀಟು, ಪಕ್ಕದಲ್ಲಿ "ಅರ್ಧ" ಎಂದು ಬರೆದಿದೆ. ಗ್ರೈಂಡರ್ 26. ಅದರ ಸುತ್ತ ಅಮ್ಮನೇ ಪೆನ್ನು ಕಿತ್ತುಕೊಂಡು ಗುಂಡು ಸುತ್ತಿದ್ದಾರೆ.