0.3 ದೊಡ್ಡದಾ, 0.25 ದೊಡ್ಡದಾ?

ನಾನು ಬ್ಯಾಡಗಿ ಹತ್ತಿರದ ಒಂದು ಹಳ್ಳಿಯಲ್ಲಿ ಹಿರಿಯ ಪ್ರಾಥಮಿಕ ಶಾಲೆಯ ಗಣಿತ ಶಿಕ್ಷಕಿ. ಶಾಲೆಗೆ ಟ್ಯಾಬ್ ಬಂದಾಗ ಒಂದು ತಪ್ಪು ಮಾಡಿದೆ. ಮಗುವಿನ ಉತ್ತರ ನೋಡಿಕೊಂಡು ಹಿಂದಿನ ಕ್ಲಾಸಿನ ಲೆಕ್ಕಕ್ಕೂ ಇಳಿಯುವ ಸಾಫ್ಟ್‌ವೇರ್ ಅದು. ಪೋರ್ಷನ್ ಮುಗಿಸಬೇಕು ಅಂತ ನಾನು ಎಲ್ಲರಿಗೂ ಎಂಟನೇ ಕ್ಲಾಸಿನ ಪಾಠವನ್ನೇ ಹಾಕಿಟ್ಟೆ. ಅರ್ಧ ಮಕ್ಕಳು ಸುಮ್ನೆ ಯಾವುದಾದರೊಂದು ಆಯ್ಕೆ ಒತ್ತುತ್ತಾ ಕೂತರು.

ಆಮೇಲೆ ಅದರ ಪಾಡಿಗೆ ಬಿಟ್ಟೆ. ಭಾಗಲಬ್ಧ ಸಂಖ್ಯೆಯಲ್ಲಿ ಸಿಕ್ಕಿಬಿದ್ದಿದ್ದ ಒಬ್ಬ ಹುಡುಗಿಯನ್ನು ಅದು ದಶಮಾಂಶದವರೆಗೆ ಹಿಂದೆ ಕರೆದುಕೊಂಡು ಹೋಗಿ ಅಲ್ಲೇ ನಿಲ್ಲಿಸಿತು. ಎರಡು ದಶಮಾಂಶಗಳಲ್ಲಿ ಯಾವುದು ದೊಡ್ಡದು ಅನ್ನುವ ಲೆಕ್ಕ ಬಂದಾಗಲೆಲ್ಲ ಅವಳದು ಒಂದೇ ಬಗೆಯ ತಪ್ಪು. ಪಕ್ಕದಲ್ಲಿ ಕೂತು ಕೇಳಿದೆ.

"0.25 ದೊಡ್ಡದ್ರಿ ಅಕ್ಕೋರ. ಮೂರಕ್ಕಿಂತ ಇಪ್ಪತ್ತೈದು ದೊಡ್ಡದಲ್ರೀ?"

ಎಲ್ಲಿ ಎಡವುತ್ತಿದ್ದಾಳೆ ಅಂತ ಟ್ಯಾಬ್ ತೋರಿಸಿತ್ತು, ಯಾಕೆ ಅಂತ ಅವಳ ಬಾಯಿಂದಲೇ ಬರಬೇಕಾಯಿತು. ಅವಳ ತಾಯಿ ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತಾರೆ. ಕಾಟಾದ ಮೇಲೆ ಪಾವ್ ಕಿಲೋ ಇಟ್ಟರೆ ಎಷ್ಟು ತೋರಿಸುತ್ತೆ ಅಂದೆ. "0.250 ರೀ." ಮುನ್ನೂರು ಗ್ರಾಂ? "0.300..." ಅಂದವಳು ಪೆನ್ಸಿಲ್ ಕೆಳಗಿಟ್ಟು ನನ್ನ ಮುಖ ನೋಡಿದಳು.

ಒಂದು ಸರಿ ಉತ್ತರ ಬಂದ ಕೂಡಲೇ ಕಲಿತಳು ಅಂತ ಒಪ್ಪಿಕೊಳ್ಳಲ್ಲ ಈ ಸಾಫ್ಟ್‌ವೇರ್, ಅದು ನನಗೆ ತುಂಬಾ ಹಿಡಿಸಿತು. ಗೊತ್ತಿಲ್ಲದೆಯೂ ಸರಿ ಬರಬಹುದು, ಗೊತ್ತಿದ್ದೂ ತಪ್ಪಬಹುದು ಅಲ್ವಾ? 1995ರಲ್ಲಿ ಕಾರ್ಬೆಟ್ ಮತ್ತು ಆಂಡರ್ಸನ್ ಅನ್ನುವ ಸಂಶೋಧಕರು ಇವೆರಡನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮಗು ಎಷ್ಟು ಕಲಿತಿದೆ ಅಂತ ಅಂದಾಜು ಮಾಡುವ ದಾರಿ ತೋರಿಸಿದ್ದರು.

ಮೈಂಡ್‌ಸ್ಪಾರ್ಕ್ ಅಂತ ಮಗುವಿನ ಮಟ್ಟಕ್ಕೆ ತಕ್ಕ ಲೆಕ್ಕ ಕೊಡುವ ಇಂಥದ್ದೇ ಒಂದು ಸಾಫ್ಟ್‌ವೇರ್ ಇದೆ. ದೆಹಲಿಯಲ್ಲಿ ಅದರ ಕಲಿಕಾ ಕೇಂದ್ರಗಳ ಮೇಲೆ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಆರನೇ ಕ್ಲಾಸಿನ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ಕ್ಲಾಸು ಹಿಂದಿದ್ದರು. ಕೇಂದ್ರಕ್ಕೆ ಸೇರಿಕೊಂಡವರು ನಾಲ್ಕೂವರೆ ತಿಂಗಳಲ್ಲಿ ಉಳಿದವರಿಗಿಂತ ಜಾಸ್ತಿ ಕಲಿತರು. ಆದರೆ ಅಲ್ಲಿ 45 ನಿಮಿಷ ಕಂಪ್ಯೂಟರ್ ಆದರೆ ಇನ್ನು 45 ನಿಮಿಷ ಸಣ್ಣ ಗುಂಪಿನಲ್ಲಿ ಹೇಳಿಕೊಡುವವರೂ ಇದ್ದರು, ಆ ಭಾಗವನ್ನು ನಾವು ಮರೆತೇಬಿಡುತ್ತೇವೆ.

ಈಗ ಟ್ಯಾಬ್ ಪಿರಿಯಡ್‌ನಲ್ಲಿ ಯಾರು ಒಂದೇ ಕಡೆ ನಿಂತಿದ್ದಾರೆ ಅಂತ ನೋಡಿ ಇಬ್ಬರು ಮೂವರನ್ನು ಪಟ್ಟಿ, ಪೆನ್ಸಿಲ್ ಸಮೇತ ಹತ್ತಿರ ಕರೆಯುತ್ತೇನೆ. ಮೊನ್ನೆ ಅದೇ ಹುಡುಗಿಗೆ 0.4 ಮತ್ತು 0.125 ಬಂತು. "ನಾನೂರು ಗ್ರಾಂ, ನೂರಾ ಇಪ್ಪತ್ತೈದು ಗ್ರಾಂ" ಅಂತ ತನ್ನಷ್ಟಕ್ಕೆ ಹೇಳಿಕೊಂಡು 0.4 ಒತ್ತಿದಳು.