ಏಳಕ್ಕೆ ಹನ್ನೆರಡು

2025ರಲ್ಲಿ ಯುಗಾದಿ ಭಾನುವಾರ ಬಂತು, ಮಾರ್ಚ್ 30. ಮರುದಿನ ರಂಜಾನ್, ಹಣಕಾಸು ವರ್ಷದ ಕೊನೆಯ ದಿನವೂ ಅದೇ. ಎರಡು ಹಬ್ಬ ಬೆನ್ನಿಗೆ ಬೆನ್ನು ಹಚ್ಚಿ ಬಂದರೂ ನಮಗೆ ರಜೆ ಒಂದೂ ಇರಲಿಲ್ಲ. ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಕಚೇರಿಯಲ್ಲಿ ಲೆಕ್ಕದ ಮೇಜಿಗೆ ಕುಳಿತು ನನಗೆ ಇಪ್ಪತ್ತೆಂಟು ವರ್ಷವಾಯಿತು. ಇಲಾಖೆಯ ಹೆಸರು ಬೇಡ. ಓದುವವರು ಸರ್ಕಾರಿ ನೌಕರರಾಗಿದ್ದರೆ ತಮ್ಮದೇ ಕಚೇರಿ ಎಂದುಕೊಳ್ಳಬಹುದು, ದೊಡ್ಡ ವ್ಯತ್ಯಾಸವಾಗುವುದಿಲ್ಲ.

ಯುಗಾದಿಯ ಬೆಳಿಗ್ಗೆ ಎಣ್ಣೆಸ್ನಾನ ಮುಗಿಸಿ, ಬೇವುಬೆಲ್ಲ ಬಾಯಿಗೆ ಹಾಕಿಕೊಂಡು ನಾನು ಹೋದದ್ದು ಚರ್ಚಿಗೆ. ಪಕ್ಕದ ಮನೆಯ ಟೀಚರಮ್ಮನ ಯಜಮಾನರು ತೀರಿಕೊಂಡು ಅಂದಿಗೆ ವರ್ಷವಾಗಿತ್ತು. ಅವರು ನಮ್ಮ ಕಚೇರಿಯಲ್ಲೇ ಹೆಡ್ ಕ್ಲರ್ಕ್ ಆಗಿದ್ದವರು, ನನಗೆ ಬಿಲ್ಲು ಬರೆಯಲು ಕಲಿಸಿದವರು. ಕಚೇರಿಯ ಒಂದು ಗುಂಡುಸೂಜಿಯನ್ನೂ ಮನೆಗೆ ಒಯ್ಯದ ಮನುಷ್ಯ. ಹಾಗಾಗಿಯೇ ಕಚೇರಿಯಲ್ಲಿ ಅವರನ್ನು ಯಾರೂ ಅಷ್ಟಾಗಿ ಇಷ್ಟಪಡುತ್ತಿರಲಿಲ್ಲ. “ಪೂಜೆಯಲ್ಲಿ ಅವರ ಹೆಸರು ಹೇಳುತ್ತಾರೆ, ಬನ್ನಿ ಗೌಡರೇ” ಎಂದು ಟೀಚರಮ್ಮ ಕರೆದಿದ್ದರು.

ಫಾದರ್ ಗುಲಾಬಿ ಬಣ್ಣದ ನಿಲುವಂಗಿ ತೊಟ್ಟು ಬಂದರು. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲಕ್ಕೆಲ್ಲ ನೇರಳೆ ಬಣ್ಣವಂತೆ. ಅರ್ಧ ದಾರಿ ಸವೆಯಿತೆಂಬ ಸಂತೋಷಕ್ಕೆ ನಾಲ್ಕನೆಯ ಭಾನುವಾರ ಮಾತ್ರ ಗುಲಾಬಿ ಎಂದು ಟೀಚರಮ್ಮ ಪಿಸುಗುಟ್ಟಿದರು. ಅಂದಿನ ವಾಚನ ಲೂಕನ ಶುಭಸಂದೇಶದ 15ನೆಯ ಅಧ್ಯಾಯದ ದುಂದುಗಾರ ಮಗನ ಸಾಮತಿ, ಅಂದರೆ ನೀತಿಕಥೆ. ಕಿರಿಯ ಮಗ ತಂದೆ ಬದುಕಿರುವಾಗಲೇ ಪಾಲು ಕೇಳುತ್ತಾನೆ, ದೂರದೇಶಕ್ಕೆ ಹೋಗಿ ಎಲ್ಲವನ್ನೂ ಹಾಳು ಮಾಡುತ್ತಾನೆ, ಬರ ಬಂದಾಗ ಹಂದಿ ಮೇಯಿಸುವ ಕೆಲಸಕ್ಕೆ ಸೇರಿ ಹಂದಿಗಳು ತಿನ್ನುವ ಕಾಯಿಗೂ ಆಸೆಪಡುತ್ತಾನೆ. ಕೊನೆಗೆ ಮನೆಗೆ ಮರಳಿದಾಗ ತಂದೆ ಕೊಬ್ಬಿದ ಕರು ಕಡಿಸಿ ಔತಣ ಮಾಡುತ್ತಾನೆ. ಮಲೆನಾಡಿನಲ್ಲಿ ಈ ಕಥೆಗೆ ಪೀಠಿಕೆ ಬೇಕಿಲ್ಲ. ಹಿಸ್ಸೆಯಾದ ವರ್ಷವೇ ತನ್ನ ಪಾಲಿನ ಅಡಿಕೆ ತೋಟವನ್ನು ಚೇಣಿಗೆ ಕೊಟ್ಟು, ಮಂಡಿಯಲ್ಲಿ ಮುಂಗಡ ಎತ್ತಿ ಬೆಂಗಳೂರಿನ ಬಸ್ಸು ಹತ್ತಿದವರು ಊರಿಗೊಬ್ಬರಾದರೂ ಇರುತ್ತಾರೆ. ತೋಟದಲ್ಲೇ ಉಳಿದು ದುಡಿದು, ತಮ್ಮ ಬಂದಾಗ ಮುಖ ಊದಿಸಿಕೊಂಡು ಹೊರಗೆ ನಿಂತ ಹಿರಿಯ ಮಗನಂತೂ ನನ್ನ ಅಣ್ಣನೇ. ನಾನು ನೌಕರಿ ಎಂದು ಪೇಟೆ ಸೇರಿದವನು, ಅವನು ಈಗಲೂ ಕೊಳೆರೋಗಕ್ಕೆ ಮದ್ದು ಹೊಡೆಸುತ್ತ ಅಲ್ಲೇ ಇದ್ದಾನೆ. ನನಗಾಗಿ ಅವನು ಕರು ಕಡಿಸುವುದಿರಲಿ, ಫೋನ್ ಮಾಡಿದರೆ ಎತ್ತುವುದೂ ಅಪರೂಪ.

ಆದರೆ ಆ ಬೆಳಿಗ್ಗೆ ನನ್ನ ತಲೆಯಲ್ಲಿ ಅಣ್ಣನಿಗಿಂತ ಹೆಚ್ಚಾಗಿ ಬೀರುಗಳಿದ್ದವು.

ಪೂಜೆ ಮುಗಿದ ಮೇಲೆ ಟೀಚರಮ್ಮನ ಜಗಲಿಯಲ್ಲಿ ಕಾಫಿ ಕುಡಿಯುತ್ತ ಅದನ್ನು ಅವರಿಗೆ ಹೇಳಿಕೊಂಡೆ. ಒಂದು ಕೇಂದ್ರ ಪುರಸ್ಕೃತ ಯೋಜನೆಯಲ್ಲಿ ದಾಖಲೆ ಕೊಠಡಿಯ ಸುಧಾರಣೆಗೆ ನಮಗೆ 1,80,000 ರೂಪಾಯಿ ಬಂದಿತ್ತು. ಕೇಂದ್ರದ ಕಂತು, ಅದಕ್ಕೆ ರಾಜ್ಯದ ಪಾಲು, ನಿರ್ದೇಶನಾಲಯ, ಜಿಲ್ಲೆ ಎಂದು ಒಂದೊಂದೇ ಮೆಟ್ಟಿಲು ಇಳಿದು ನಮ್ಮ ಮೇಜಿಗೆ ಮುಟ್ಟುವಾಗ ಮಾರ್ಚ್ 24. ಒಂದು ವಾರದಲ್ಲಿ ಖರ್ಚು ಮಾಡಬೇಕು, ಇಲ್ಲವಾದರೆ ಅನುದಾನ ವ್ಯಪಗತ, ಅಂದರೆ ಕೈತಪ್ಪಿ ಹೋಯಿತು. ಲೆಕ್ಕಶೀರ್ಷಿಕೆ, ಅಂದರೆ ಹಣ ಯಾವ ಬಾಬ್ತಿಗೆ ಎಂಬುದು, ಪೀಠೋಪಕರಣದ್ದು, ಹಾಗಾಗಿ ಬೀರುಗಳನ್ನೇ ಕೊಳ್ಳಬೇಕು. ಹದಿನೈದು ಸಾವಿರದಂತೆ ಹನ್ನೆರಡು. ಎರಡು ವರ್ಷದ ಹಿಂದೆ ಇದೇ ರೀತಿ ಮಾರ್ಚ್ ಕೊನೆಯಲ್ಲಿ ಬಂದ ಎಂಟು ಬೀರುಗಳು ಹಿಂದಿನ ಕೋಣೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ನಿಂತಿವೆ. ಹೊದಿಕೆಯೊಳಗೆ ತೇವ ಸೇರಿ, ಕಾಲಿನಿಂದ ಮೇಲಕ್ಕೆ ತುಕ್ಕು ಹತ್ತಿದೆ. ಬೆರಳಿನಿಂದ ಒತ್ತಿದರೆ ಹುರಿದ ಹಪ್ಪಳದಂತೆ ಸದ್ದು ಮಾಡುತ್ತದೆ.

ದಾಖಲೆ ಕೊಠಡಿಗೆ ನಿಜಕ್ಕೂ ಬೇಕಾದದ್ದು ಬೀರು ಅಲ್ಲ, ಮೇಲಿನ ಮಾಡು. ಅದು ಹಳೆಯ ಹೆಂಚಿನ ಕಟ್ಟಡ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಿ, ಒಡೆದವನ್ನು ಬದಲಿಸಿ, ಗೆದ್ದಲು ಹಿಡಿದ ನಾಲ್ಕು ರೀಪು ಹಾಕಿಸಿದರೆ ಮುಗಿಯಿತು. ನಮ್ಮ ಕಡೆ ಪ್ರತಿ ಮನೆಯವರೂ ಏಪ್ರಿಲ್ ಮೇ ತಿಂಗಳಲ್ಲಿ ಮಾಡಿಸುವ ಕೆಲಸ. ನಲವತ್ತು ಸಾವಿರದ ಅಂದಾಜುಪಟ್ಟಿಯನ್ನು ಮೂರು ಸಲ ಮೇಲಕ್ಕೆ ಕಳಿಸಿದ್ದೇನೆ. ಆ ಲೆಕ್ಕಶೀರ್ಷಿಕೆಯಲ್ಲಿ ಅನುದಾನ ಲಭ್ಯವಿಲ್ಲ ಎಂಬ ಉತ್ತರ ಮೂರು ಸಲವೂ ಬಂದಿದೆ, ಕೊನೆಯ ಸಲ ಬಂದ ಉತ್ತರವೇ ಮಳೆಯಲ್ಲಿ ನೆನೆದಿತ್ತು. ಒಂದು ಶೀರ್ಷಿಕೆಯ ಹಣವನ್ನು ಇನ್ನೊಂದಕ್ಕೆ ಹಾಕಲು ನನಗೂ ಅಧಿಕಾರವಿಲ್ಲ, ನನ್ನ ಸಾಹೇಬರಿಗೂ ಇಲ್ಲ.

“ಈ ಸರ್ಕಾರ ಇವತ್ತು ಓದಿದ ಆ ಕಿರಿಯ ಮಗನೇ ಸರಿ” ಎಂದೆ. ಹೇಳುವಾಗ ಒಳ್ಳೆಯ ಮಾತು ಹೇಳಿದೆನೆಂಬ ಹೆಮ್ಮೆಯೂ ಇತ್ತು.

ಟೀಚರಮ್ಮ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಉತ್ತರಪತ್ರಿಕೆ ತಿದ್ದಿದವರು. “ಆ ಹುಡುಗ ಹಾಳು ಮಾಡಿದ್ದು ತನ್ನ ಪಾಲನ್ನು, ಗೌಡರೇ. ಹಸಿದದ್ದೂ ಅವನೇ. ಹಸಿವಾಯಿತು, ಅದಕ್ಕೇ ಬುದ್ಧಿ ಬಂತು, ಮನೆಗೆ ಬಂದ. ನಿಮ್ಮ ಸರ್ಕಾರ ಯಾವತ್ತು ಹಂದಿ ಮೇಯಿಸಿತು ಹೇಳಿ?” ಎಂದರು. ಒಳಗೆ ಹೋಗಿ ಯಜಮಾನರ ಹಳೆಯ ಬೈಬಲ್ ತಂದು ನನ್ನ ಕೈಗಿಟ್ಟರು. “ನಿಮ್ಮದು ಮುಂದಿನ ಪುಟದ ಕಥೆ. 16ನೆಯ ಅಧ್ಯಾಯ. ಪುರುಸೊತ್ತಾದಾಗ ಓದಿ.”

ಪುರುಸೊತ್ತೇ ಆಗಲಿಲ್ಲ. ಪುಸ್ತಕವನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಕಚೇರಿಗೆ ಹೋದೆ. ಸಂಜೆ ದೇವಸ್ಥಾನದಲ್ಲಿ ಪಂಚಾಂಗ ಶ್ರವಣಕ್ಕೆ ಹತ್ತು ನಿಮಿಷ ಕುಳಿತೆ. ಹೊಸ ವಿಶ್ವಾವಸು ಸಂವತ್ಸರದಲ್ಲಿ ಯಾವ ರಾಶಿಗೆ ಎಷ್ಟು ಆಯ, ಎಷ್ಟು ವ್ಯಯ ಎಂದು ಭಟ್ಟರು ಓದುತ್ತಿದ್ದರು. ಅದೇ ತಿಂಗಳ 7ರಂದು ವಿಧಾನಸೌಧದಲ್ಲಿ 4,09,549 ಕೋಟಿ ರೂಪಾಯಿಯ ಆಯವ್ಯಯ ಓದಿಯಾಗಿತ್ತು. ಭಟ್ಟರ ಆಯವ್ಯಯದಲ್ಲಿ ಮಾರ್ಚ್ 31ರ ಗಡುವು ಇರುವುದಿಲ್ಲ, ಅದೊಂದು ಸಮಾಧಾನ.

ಸೋಮವಾರ. ರಂಜಾನ್ ರಜೆಯಿದ್ದರೂ ಸರ್ಕಾರಿ ವ್ಯವಹಾರ ನೋಡುವ ಬ್ಯಾಂಕುಗಳು ಅಂದು ತೆರೆದಿರಬೇಕೆಂದು ರಿಸರ್ವ್ ಬ್ಯಾಂಕ್ ಮೊದಲೇ ಸೂಚಿಸಿತ್ತು. ನಮ್ಮ ದ್ವಿತೀಯ ದರ್ಜೆ ಸಹಾಯಕ ಹುಡುಗ ನಮಾಜು ಮುಗಿಸಿ, ಹೊಸ ಬಟ್ಟೆಯಲ್ಲೇ, ಡಬ್ಬಿಯಲ್ಲಿ ಶೀರ್ ಕುರ್ಮಾ ಹಿಡಿದು ಹತ್ತೂವರೆಗೆ ಬಂದ. ಖಜಾನೆಯ ತಂತ್ರಾಂಶ ಜಿಲ್ಲೆಯ ಅಷ್ಟೂ ಕಚೇರಿಗಳ ಭಾರಕ್ಕೆ ಏದುಸಿರು ಬಿಡುತ್ತಿತ್ತು. ಪರದೆಯ ಮೇಲೆ ಸುತ್ತುವ ಚಕ್ರ ನೋಡುತ್ತ, ಅವನ ಶೀರ್ ಕುರ್ಮಾ, ನನ್ನ ಮನೆಯ ಹೋಳಿಗೆ ಎರಡನ್ನೂ ಮುಗಿಸಿದೆವು.

ಬೀರುಗಳಿಗೆ ಮೂರು ಕೊಟೇಶನ್ ಇದ್ದವು. ಮೂರು ಅಂಗಡಿ, ಮೂರು ಲೆಟರ್‌ಹೆಡ್, ಮೂರರಲ್ಲೂ ‘ಅಲ್ಮೇರಾ’ ಎಂಬುದಕ್ಕೆ ಒಂದೇ ಕಾಗುಣಿತದ ತಪ್ಪು. ನಾನು ಕಡತದಲ್ಲಿ ಟಿಪ್ಪಣಿ ಬರೆದೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು ವರ್ಷದ ಕೊನೆಯ ತಿಂಗಳುಗಳಲ್ಲಿ ಖರ್ಚಿಗೆ ಮುಗಿಬೀಳುವುದನ್ನು ಆರ್ಥಿಕ ಔಚಿತ್ಯದ ಉಲ್ಲಂಘನೆ ಎನ್ನುತ್ತವೆ. ಸಾಮಾನ್ಯ ವಿವೇಕವಿರುವವನು ತನ್ನ ದುಡ್ಡನ್ನು ಖರ್ಚು ಮಾಡುವಾಗ ಇಡುವಷ್ಟೇ ಎಚ್ಚರ ಸರ್ಕಾರದ ದುಡ್ಡಿನ ಮೇಲೂ ಇರಬೇಕು ಎನ್ನುತ್ತವೆ. ಆದ್ದರಿಂದ ಮೊತ್ತವನ್ನು ಅಧ್ಯರ್ಪಿಸಬಹುದು, ಅಂದರೆ ಸರ್ಕಾರಕ್ಕೆ ಮರಳಿಸಬಹುದು, ಎಂದು ಮುಗಿಸಿದೆ. ಹೆಡ್ ಕ್ಲರ್ಕ್ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಸಾಹೇಬರು ಕೆಟ್ಟವರಲ್ಲ. ಓದಿದರು, ಕನ್ನಡಕ ತೆಗೆದರು. “ಅಧ್ಯರ್ಪಣೆ ಮಾಡಿದರೆ ನಿಮಗೆ ಬೇಡವಾಗಿತ್ತು ಎಂದು ಮುಂದಿನ ವರ್ಷ ಅಷ್ಟನ್ನೂ ಕಡಿತ ಮಾಡುತ್ತಾರೆ. ಅಷ್ಟೇ ಅಲ್ಲ, ಪ್ರಗತಿ ಪರಿಶೀಲನಾ ಸಭೆಯಲ್ಲಿ ಎದ್ದು ನಿಲ್ಲಬೇಕಾದವನು ನಾನು. ದೇಶದಲ್ಲಿ ಎಲ್ಲರಿಗಿಂತ ಮೊದಲು, 2002ರಲ್ಲೇ, ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದ ರಾಜ್ಯ ನಮ್ಮದು. ಅದನ್ನು ನೀವು, ನಾನು ಎರಡು ಲಕ್ಷದೊಳಗಿನ ಬಿಲ್ಲಿನಲ್ಲಿ ಕಾಪಾಡಬೇಕೇ?” ಎಂದರು. ನನ್ನ ಟಿಪ್ಪಣಿಯ ಹಾಳೆ ಕಡತದಿಂದ ಹೊರಬಂತು. ನಾನೇ ತೆಗೆದೆ, ಅವರು ತೆಗೆಯಿರಿ ಎಂದಿರಲಿಲ್ಲ.

ಮೂರು ಗಂಟೆಗೆ ಲಾರಿ ಬಂತು. ಇಳಿದದ್ದು ಏಳು ಬೀರು. ಬಿಲ್ಲಿನ ಬೆನ್ನ ಮೇಲೆ ಸಾಮಗ್ರಿಗಳನ್ನು ಸುಸ್ಥಿತಿಯಲ್ಲಿ ಸ್ವೀಕರಿಸಿ ದಾಸ್ತಾನು ಪುಸ್ತಕದಲ್ಲಿ ನಮೂದಿಸಿದೆ ಎಂಬ ದೃಢೀಕರಣವಿಲ್ಲದೆ ಖಜಾನೆಗೆ ಕಳಿಸುವಂತಿಲ್ಲ. ಏಳಕ್ಕೆ ಬಿಲ್ಲು ಮಾಡೋಣವೆಂದರೆ ಉಳಿದ ಎಪ್ಪತ್ತೈದು ಸಾವಿರ ರಾತ್ರಿ ಹನ್ನೆರಡಕ್ಕೆ ಹೋಗುತ್ತದೆ.

“ಇನ್ನೈದು ಶಿವಮೊಗ್ಗ ಬಿಟ್ಟಿವೆಯಂತೆ. ಬೇಗ ಕುಳಿತು ಹನ್ನೆರಡು ಎಂದು ಬರೆಯಿರಿ” ಎಂದರು ಸಾಹೇಬರು.

ಬರೆದೆ. ದಾಸ್ತಾನು ಪುಸ್ತಕದ ಹಾಳೆ ಸ್ವಲ್ಪ ಒದ್ದೆಯಾಗಿ ಒಣಗಿದ್ದು, ಶಾಯಿ ಅಂಚಿನಲ್ಲಿ ಹರಡಿತು. 12ರ ಎರಡು ಮೊದಲು ಏಳರಂತೆ ಕಂಡಿತು, ಮತ್ತೆ ತಿದ್ದಿದೆ. ಅಂಕೆ ತಿದ್ದಿದರೆ ಪಕ್ಕದಲ್ಲಿ ಕಿರುಸಹಿ ಹಾಕಬೇಕೆಂದು ಹೆಡ್ ಕ್ಲರ್ಕ್ ಕಲಿಸಿದ್ದರು. ಹಾಕಿದೆ.

ಬಿಲ್ಲು ಖಜಾನೆಗೆ ಹೋಯಿತು, ತೀರ್ಮಾನವಾಗುವವರೆಗೆ ಕಚೇರಿ ಬಿಡುವಂತಿಲ್ಲ. ಎಂಟು ಗಂಟೆಯ ಹೊತ್ತಿಗೆ ಕರೆಂಟು ಹೋಗಿ ಬಂತು. ಆಗ ನೆನಪಾಗಿ ಡಿಕ್ಕಿಯಿಂದ ಬೈಬಲ್ ತಂದು ಟೀಚರಮ್ಮ ಹೇಳಿದ ಪುಟ ತೆಗೆದೆ.

ಒಬ್ಬ ಐಶ್ವರ್ಯವಂತನ ಮನೆವಾರ್ತೆ ನೋಡಿಕೊಳ್ಳುವವನ ಕಥೆ ಅದು. ಯಜಮಾನನ ಆಸ್ತಿ ಹಾಳು ಮಾಡುತ್ತಿದ್ದಾನೆ ಎಂದು ಅವನ ಮೇಲೆ ದೂರು. ಲೆಕ್ಕ ಒಪ್ಪಿಸು, ಇನ್ನು ನಿನಗೆ ಕೆಲಸವಿಲ್ಲ ಎಂದು ಯಜಮಾನ ಹೇಳುತ್ತಾನೆ. ಅಗೆಯಲು ಇವನಿಗೆ ಶಕ್ತಿಯಿಲ್ಲ, ಬೇಡಲು ನಾಚಿಕೆ. ನಿವೃತ್ತಿಗೆ ಮೂರು ವರ್ಷವಿರುವ ನನಗೆ ಆ ಸಾಲು ಬೇರೆ ಯಾವ ಸಾಲಿಗಿಂತಲೂ ಬೇಗ ಅರ್ಥವಾಯಿತು. ಅವನು ಸಾಲಗಾರರನ್ನು ಒಬ್ಬೊಬ್ಬರಾಗಿ ಕರೆಯುತ್ತಾನೆ. ನೂರು ಅಳತೆ ಎಣ್ಣೆ ಕೊಡಬೇಕಾದವನಿಗೆ, ನಿನ್ನ ಪತ್ರ ತೆಗೆದುಕೋ, ಬೇಗ ಕುಳಿತು ಐವತ್ತು ಎಂದು ಬರೆ ಎನ್ನುತ್ತಾನೆ. ನೂರು ಅಳತೆ ಗೋಧಿಯವನಿಗೆ, ಎಂಬತ್ತು ಎಂದು ಬರೆ.

ಬೇಗ ಕುಳಿತು. ಪುಸ್ತಕ ಮುಚ್ಚಿ ಮತ್ತೆ ತೆರೆದೆ. ಅವನು ನೂರನ್ನು ಐವತ್ತು ಮಾಡಿದ, ನಾನು ಏಳನ್ನು ಹನ್ನೆರಡು ಮಾಡಿದ್ದೆ. ನಿನ್ನೆ ಬೆಳಿಗ್ಗೆಯಿಂದ ಸರ್ಕಾರ ಎಂದು ಬೈಯುತ್ತಿದ್ದೆನಲ್ಲ, ಆ ಸರ್ಕಾರದ ಕೈಬರಹ ನನ್ನದು. ಟೀಚರಮ್ಮ ‘ನಿಮ್ಮ ಸರ್ಕಾರದ ಕಥೆ’ ಎನ್ನದೆ ‘ನಿಮ್ಮದು’ ಎಂದಿದ್ದರು. ಹೈಸ್ಕೂಲಿನವರು ಸರ್ವನಾಮವನ್ನು ಸುಮ್ಮನೆ ಬಳಸುವುದಿಲ್ಲ.

ಕಥೆಯ ಕೊನೆ ಮಾತ್ರ ತಲೆಗೆ ಹತ್ತಲಿಲ್ಲ. ಯಜಮಾನ ಆ ಮೋಸಗಾರನನ್ನು, ಜಾಣತನದಿಂದ ನಡೆದುಕೊಂಡ ಎಂದು ಹೊಗಳುತ್ತಾನೆ! ಮುಂದಿನ ವಾರ ಫಾದರ್ ಸಿಕ್ಕಾಗ ಕೇಳಿದೆ. ಅದರ ಬಗ್ಗೆ ಪಂಡಿತರೇ ಜಗಳವಾಡುತ್ತಾರೆ ಎಂದು ನಕ್ಕರು. ಗ್ರೀಕ್ ಮೂಲದಲ್ಲಿ ದುಂದುಗಾರ ಮಗ ಮಾಡಿದ್ದಕ್ಕೂ ಈ ಮನುಷ್ಯ ಮಾಡಿದ್ದಕ್ಕೂ ಒಂದೇ ಕ್ರಿಯಾಪದವಿದೆ, ಚೆಲ್ಲಾಡುವುದು ಎಂದು ಅರ್ಥ ಎಂದರು. ಹೊಗಳಿಕೆಯ ವಿಷಯ ಅಲ್ಲಿಗೇ ನಿಂತಿತು. ಅದು ನನಗೆ ಬಗೆಹರಿದದ್ದು ಏಪ್ರಿಲ್ ಮೂರನೆಯ ವಾರದ ಪರಿಶೀಲನಾ ಸಭೆಯಲ್ಲಿ. ಆರ್ಥಿಕ ಪ್ರಗತಿ ಶೇಕಡಾ 100, ಭೌತಿಕ ಪ್ರಗತಿ ಶೇಕಡಾ 100 ಎಂದು ನಮ್ಮ ಕಚೇರಿಯ ಹೆಸರನ್ನು ಗಟ್ಟಿಯಾಗಿ ಓದಿದರು. ಸಾಹೇಬರು ಎದ್ದು ನಮಸ್ಕರಿಸಿ, ಹಿಂದಿನ ಸಾಲಿನಲ್ಲಿದ್ದ ನನ್ನ ಕಡೆಗೂ ಕೈ ತೋರಿದರು.

ಉಳಿದ ಐದು ಬೀರುಗಳು ಏಪ್ರಿಲ್ 9ಕ್ಕೆ ಬಂದವು. ಎರಡರ ಬಾಗಿಲು ಕೂರುವುದಿಲ್ಲ, ಕಾಗದ ಮಡಚಿ ಸಿಕ್ಕಿಸಬೇಕು. ಅಕ್ಷಯ ತೃತೀಯ ಕಳೆದು ಮೊದಲ ದೊಡ್ಡ ಮಳೆ ಬಿದ್ದಾಗ ಜವಾನ ಬೀರುಗಳ ಪ್ಲಾಸ್ಟಿಕ್ ಹೊದಿಕೆಗಳನ್ನು ಬಿಚ್ಚಿ, ಹೆಂಚಿನ ಕೆಳಗೆ ಸುತಳಿ ಕಟ್ಟಿ ಚಪ್ಪರದಂತೆ ಹರಡಿದ. ಆ ಖರೀದಿಯಲ್ಲಿ ನಮಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಅದೇ ಇರಬೇಕು.

ಜುಲೈನಲ್ಲಿ ಲೆಕ್ಕ ತಪಾಸಣೆಯವರು ಬಂದರು. ಹೊರಗೆ ಮೂರು ದಿನದಿಂದ ಬಿಡದ ಮಳೆ. ವಯಸ್ಸಾದ ಅಧಿಕಾರಿ ದಾಸ್ತಾನು ಪುಸ್ತಕ ತೆರೆದು ನನ್ನ ಕಿರುಸಹಿಯ ಮೇಲೆ ಬೆರಳಿಟ್ಟು ಒಂದು ಕ್ಷಣ ನಿಂತರು. ನನ್ನ ಬಾಯಿ ಒಣಗಿತು. ಎದ್ದು ದಾಖಲೆ ಕೊಠಡಿಗೆ ಬಂದು, ಬೀರುಗಳನ್ನು ಪೆನ್ನಿನ ತುದಿಯಿಂದ ಒಂದೊಂದಾಗಿ ಎಣಿಸಿದರು. ಹನ್ನೆರಡೂ ಇದ್ದವು. “ಸರಿಯಿದೆ” ಎಂದು ಹಸಿರು ಶಾಯಿಯಲ್ಲಿ ಗುರುತು ಹಾಕಿದರು. ಆಮೇಲೆ ಬರೆಯಲು ಅಲ್ಲೇ ಕುಳಿತವರು, ಪುಸ್ತಕದ ಮೇಲೆ ಹನಿ ಬಿದ್ದದ್ದನ್ನು ನೋಡಿ, ಮೇಲಕ್ಕೊಮ್ಮೆ ಕತ್ತೆತ್ತಿ, ಕುರ್ಚಿಯನ್ನು ಸ್ವಲ್ಪ ಎಡಕ್ಕೆ ಸರಿಸಿಕೊಂಡರು.