ಮೂರು ಚಮಚ ಖಾರದ ಪುಡಿ ಮತ್ತು ಬುಧವಾರದ ಎಂಚಿಲಾಡಾ

ನಮ್ಮ ಮನೆಯಲ್ಲಿ ಬುಧವಾರ ರಾತ್ರಿಯ ಅಡುಗೆ ನನ್ನ ಪಾಲಿಗೆ. ಅವತ್ತು ಹೆಂಡತಿ ಕೆಲಸ ಮುಗಿಸಿ ಬರುವಾಗ ಎಂಟೂವರೆ ಆಗಿರುತ್ತದೆ. ಆರೂವರೆಗೆ ನಾನು ಒಳಗೆ ಕಾಲಿಟ್ಟ ಕೂಡಲೇ ಇಬ್ಬರು ಮಕ್ಕಳದ್ದೂ ಒಂದೇ ಪ್ರಶ್ನೆ: "ಅಪ್ಪಾ, ಊಟಕ್ಕೆ ಏನು?" ಈಗ ಎರಡು ವರ್ಷದಿಂದ, ತಿಂಗಳಲ್ಲಿ ಎರಡು ಬುಧವಾರವಾದರೂ, ಆ ಪ್ರಶ್ನೆಗೆ ಉತ್ತರ ಓವನ್‌ನಲ್ಲಿ ಬೇಯಿಸಿದ ಬೀಫ್ ಎಂಚಿಲಾಡಾ. ಅಂದರೆ, ಮೆಕ್ಕೆಜೋಳದ ತೆಳು ರೊಟ್ಟಿಯಲ್ಲಿ ಖೀಮಾ ಸುತ್ತಿ, ಮೇಲೆ ಮೆಣಸಿನಕಾಯಿ ಸಾಸ್ ಸುರಿದು ಮಾಡುವ ಮೆಕ್ಸಿಕೊ ಮೂಲದ ಅಡುಗೆ.

ಮೊದಲ ಸಲ ಮಾಡಿದ್ದನ್ನು ಮಾತ್ರ ಯಾರೂ ತಿನ್ನಲಾಗಲಿಲ್ಲ.

ಒಂದು ಅಮೆರಿಕನ್ ಪಾಕವಿಧಾನ ನೋಡಿಕೊಂಡು ಹೊರಟಿದ್ದೆ. ಸಾಸ್‌ಗೆ "ಚಿಲ್ಲಿ ಪೌಡರ್, ಮೂರು ದೊಡ್ಡ ಚಮಚ" ಅಂತಿತ್ತು. ನಾನೂ ಡಬ್ಬಿ ತೆಗೆದು ಅಚ್ಚಖಾರದ ಪುಡಿಯನ್ನು ಮೂರು ಚಮಚ, ಅದೂ ತುಂಬಿ ತುಂಬಿ, ಹಾಕಿದೆ. ಬಿಸಿ ಎಣ್ಣೆಗೆ ಬಿದ್ದದ್ದೇ ತಡ, ಮನೆಯೆಲ್ಲ ಘಾಟು. ಮಗ ಕೆಮ್ಮುತ್ತಾ ಹೋಗಿ ಕಿಟಕಿ ತೆಗೆದ. ಮಗಳು ಒಂದು ತುತ್ತು ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡು, "ಚೆನ್ನಾಗಿದೆ ಅಪ್ಪಾ" ಅಂದಳು. ಅವಳಿಗೆ ಆಗ ಏಳು ವರ್ಷ. ಅಂಥ ಸುಳ್ಳು ಹೇಳಲು ಎಷ್ಟು ಪ್ರೀತಿ ಬೇಕು, ಅಲ್ವಾ?

ತಪ್ಪು ಎಲ್ಲಾಯಿತು ಅಂತ ಆಮೇಲೆ ತಿಳಿಯಿತು. ಅಮೆರಿಕದಲ್ಲಿ ಚಿಲ್ಲಿ ಪೌಡರ್ ಅಂದರೆ ಬರೀ ಮೆಣಸಿನಕಾಯಿ ಪುಡಿ ಅಲ್ಲ. ಖಾರ ಕಡಿಮೆ ಇರುವ ಮೆಣಸಿನಕಾಯಿಯ ಜೊತೆ ಜೀರಿಗೆ, ಓರೆಗಾನೊ, ಬೆಳ್ಳುಳ್ಳಿ ಪುಡಿ ಸೇರಿಸಿದ ಮಸಾಲೆ ಅದು. 1890ರ ದಶಕದಲ್ಲಿ ಟೆಕ್ಸಸ್‌ನ ನ್ಯೂ ಬ್ರಾನ್‌ಫೆಲ್ಸ್ ಎಂಬ ಊರಿನಲ್ಲಿ ಹೋಟೆಲು ನಡೆಸುತ್ತಿದ್ದ, ಜರ್ಮನಿಯಿಂದ ಬಂದಿದ್ದ ವಿಲಿಯಂ ಗೆಬ್‌ಹಾರ್ಟ್ ಅದನ್ನು ಪೊಟ್ಟಣ ಕಟ್ಟಿ ಮಾರಿ ಹೆಸರು ಮಾಡಿದ. ಹೆಸರು ಒಂದೇ, ಪದಾರ್ಥ ಬೇರೆ. ಆ ಪಾಕವಿಧಾನ ಬರೆದವರು ಇದೊಂದು ಸಾಲು ಸೇರಿಸಿದ್ದರೆ ನನ್ನ ಮಕ್ಕಳು ಆ ರಾತ್ರಿ ಬ್ರೆಡ್ಡು ತಿಂದು ಮಲಗುತ್ತಿರಲಿಲ್ಲ.

ಈಗ ನನ್ನ ಲೆಕ್ಕ ಹೀಗಿದೆ. ಅಚ್ಚಖಾರದ ಪುಡಿ ಒಂದೇ ಸಣ್ಣ ಚಮಚ. ಬಣ್ಣಕ್ಕೆ ಖಾರವಿಲ್ಲದ ಪ್ಯಾಪ್ರಿಕಾ ಪುಡಿ ಒಂದು ದೊಡ್ಡ ಚಮಚ. ಜೀರಿಗೆ ಪುಡಿ ಒಂದು ಸಣ್ಣ ಚಮಚ, ಓರೆಗಾನೊ ಅರ್ಧ. ಇವನ್ನೆಲ್ಲ ಮೊದಲೇ ಒಂದು ಬಟ್ಟಲಿಗೆ ಹಾಕಿ ಒಲೆ ಪಕ್ಕ ಇಟ್ಟುಕೊಳ್ಳುತ್ತೇನೆ. ಆಮೇಲೆ ಹುಡುಕಲು ಪುರುಸೊತ್ತು ಇರುವುದಿಲ್ಲ.

ಸಾಸ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಎಂಚಿಲಾಡಾ ಅಂದರೆ ಸಾಸೇ. ಹೆಸರೇ ಹಾಗೆ ಹೇಳುತ್ತದೆ. ಸ್ಪ್ಯಾನಿಷ್‌ನಲ್ಲಿ 'ಎಂಚಿಲಾರ್' ಅಂದರೆ ಮೆಣಸಿನಕಾಯಿ ಹಚ್ಚುವುದು. ಎಂಚಿಲಾಡಾ ಅಂದರೆ ಮೆಣಸಿನಕಾಯಿ ಹಚ್ಚಿದ್ದು. ಒಳಗೆ ಬೀಫ್ ಇದೆಯೋ ಕೋಳಿ ಇದೆಯೋ ಬರೀ ಚೀಸ್ ಇದೆಯೋ, ಹೆಸರಿಗೆ ಅದರ ಗೊಡವೆ ಇಲ್ಲ. ನಾನು ಎಷ್ಟೋ ಸಲ ಮಾಂಸದ ಮೇಲೇ ಗಮನ ಇಟ್ಟು, ಸಾಸನ್ನು ಕೊನೆಗೆ ಸುಮ್ನೆ ಸುರಿದು ಕೆಡಿಸಿದ್ದೇನೆ.

ಬಾಣಲೆಯಲ್ಲಿ ಮೂರು ದೊಡ್ಡ ಚಮಚ ಎಣ್ಣೆ, ಅಷ್ಟೇ ಮೈದಾ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇದ್ದರೆ ಎರಡು ನಿಮಿಷದಲ್ಲಿ ಹಸಿ ವಾಸನೆ ಹೋಗಿ, ಹುರಿದ ಕಡಲೆಯಂಥ ಘಮ ಬರುತ್ತದೆ. ಆಗ ಮಸಾಲೆ ಬಟ್ಟಲನ್ನು ಅದರಲ್ಲಿ ಬಗ್ಗಿಸಬೇಕು. ಇಲ್ಲಿ ಮಾತ್ರ ಎಚ್ಚರ. ಅರ್ಧ ನಿಮಿಷಕ್ಕಿಂತ ಹೆಚ್ಚು ಬಿಟ್ಟರೆ ಖಾರದ ಪುಡಿ ಕರ್ರಗಾಗಿ ಸಾಸ್ ಕಹಿಯಾಗುತ್ತದೆ. ಆಮೇಲೆ ಎಷ್ಟು ಸಕ್ಕರೆ ಹಾಕಿದರೂ ಅದು ಹೋಗುವುದಿಲ್ಲ, ಹಾಕಿ ನೋಡಿದ್ದೇನೆ. ತಕ್ಷಣ ಎರಡು ಚಮಚ ಟೊಮೇಟೊ ಪೇಸ್ಟ್, ಜಜ್ಜಿದ ಬೆಳ್ಳುಳ್ಳಿ, ಆಮೇಲೆ ಅರ್ಧ ಲೀಟರ್ ಮಾಂಸದ ಸಾರು. ಸಾರು ಒಂದೇ ಸಲಕ್ಕೆ ಸುರಿಯಬಾರದು. ಮೊದಲು ಒಂದು ಸೌಟು ಹಾಕಿ ಗಂಟಿಲ್ಲದಂತೆ ಕಲಸಿ, ಆಮೇಲೆ ಉಳಿದದ್ದು. ಏಳೆಂಟು ನಿಮಿಷ ಕುದಿಸಿ, ಚಮಚದ ಬೆನ್ನ ಮೇಲೆ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಹಾಗೇ ನಿಂತರೆ ಹದ ಬಂತು. ಉಪ್ಪು ನೋಡಿ, ಅರ್ಧ ಚಮಚ ವಿನೆಗರ್ ಹಾಕಿ ಇಳಿಸಿ.

ಬೀಫ್ ಖೀಮಾ ಅರ್ಧ ಕಿಲೋ ಸಾಕು, ನಾಲ್ಕು ಜನಕ್ಕೆ. ಸ್ವಲ್ಪ ಕೊಬ್ಬು ಇರುವುದೇ ಒಳ್ಳೆಯದು, ಪೂರಾ ಕೊಬ್ಬಿಲ್ಲದ್ದು ಓವನ್‌ನಲ್ಲಿ ಮರಳಿನ ಹಾಗಾಗುತ್ತದೆ. ಅಗಲದ ಬಾಣಲೆ ಚೆನ್ನಾಗಿ ಕಾದ ಮೇಲೆ ಖೀಮಾ ಹರಡಿ, ಮೂರು ನಿಮಿಷ ಮುಟ್ಟದೆ ಬಿಡಿ. ಕೈ ಸುಮ್ಮನಿರುವುದಿಲ್ಲ, ನನಗೆ ಗೊತ್ತು. ಆದರೆ ಕೆದಕುತ್ತಾ ಇದ್ದರೆ ಮಾಂಸ ನೀರು ಬಿಟ್ಟುಕೊಂಡು ಬೂದು ಬಣ್ಣಕ್ಕೆ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಅಡಿ ಕಂದು ಬಂದ ಮೇಲೆ ಒಡೆದು ತಿರುವಿ, ಹೆಚ್ಚಿದ ಈರುಳ್ಳಿ, ಬೆಳ್ಳುಳ್ಳಿ, ಒಂದು ಚಿಟಿಕೆ ಜೀರಿಗೆ ಪುಡಿ, ಉಪ್ಪು. ಎಲ್ಲೂ ಕೆಂಪು ಕಾಣಬಾರದು. ಖೀಮಾದ ಮಟ್ಟಿಗೆ ಒಳಗಿನ ಬಿಸಿ 71 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಹೆಚ್ಚಾದ ಕೊಬ್ಬು ಬಸಿದು, ಮೂರು ಚಮಚ ಸಾಸ್ ಇದಕ್ಕೇ ಕಲಸುತ್ತೇನೆ. ಇಲ್ಲದಿದ್ದರೆ ಸುರುಳಿ ಕತ್ತರಿಸಿದಾಗ ಖೀಮಾ ಉದುರಿ ತಟ್ಟೆ ತುಂಬ ಚೆಲ್ಲುತ್ತದೆ.

ಇನ್ನು ಟೋರ್ಟಿಯಾ, ಅಂದರೆ ಸುತ್ತುವ ಆ ತೆಳು ರೊಟ್ಟಿ. ನಾನು ಬಹಳ ದಿನ ಸೋತದ್ದು ಇಲ್ಲೇ.

ಮೆಕ್ಕೆಜೋಳದ ಟೋರ್ಟಿಯಾವನ್ನು ಪೊಟ್ಟಣದಿಂದ ತೆಗೆದು ಹಾಗೇ ಸುತ್ತಲು ಹೋದರೆ ಬೆನ್ನು ಬಿರಿಯುತ್ತದೆ. ಬಿರಿದದ್ದನ್ನು ಮುಚ್ಚಲು ಸಾಸ್ ಜಾಸ್ತಿ ಸುರಿದರೆ ಓವನ್‌ನಿಂದ ಅಂಬಲಿ ಹೊರಬರುತ್ತದೆ. ಗೋಧಿಯದ್ದು ಬಿರಿಯುವುದಿಲ್ಲ ಅಂತ ಅದನ್ನೂ ಪ್ರಯತ್ನಿಸಿದೆ. ಬಿರಿಯಲಿಲ್ಲ, ನಿಜ. ಸಾಸ್ ಹೀರಿಕೊಂಡು ಹಸಿ ಹಿಟ್ಟಿನ ಮುದ್ದೆಯಂತಾಯಿತು. ಮಗ ಫೋರ್ಕಿನಲ್ಲಿ ಎತ್ತಿ ತೋರಿಸಿ, "ಅಪ್ಪಾ, ಇದು ಬೆಂದಿದ್ಯಾ?" ಅಂದ.

ಮೆಕ್ಕೆಜೋಳದಲ್ಲಿ ಗೋಧಿಯಲ್ಲಿರುವ ಅಂಟು ಇಲ್ಲ. ಮೆಕ್ಸಿಕೊದಲ್ಲಿ ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ತೊಳೆದು ಅರೆಯುತ್ತಾರೆ. ಸ್ಪೇನಿನವರು ಅಲ್ಲಿಗೆ ಕಾಲಿಡುವುದಕ್ಕೂ ಎಷ್ಟೋ ಶತಮಾನ ಹಿಂದಿನ ವಿದ್ಯೆ ಅದು. ಸುಣ್ಣದಿಂದಲೇ ಹಿಟ್ಟಿಗೆ ಹಿಡಿತ ಬರುತ್ತದೆ. ಆದರೂ ತಣ್ಣಗಾದರೆ ಬಿಗಿಯುತ್ತದೆ, ಬಿಸಿಯಾದರೆ ಮತ್ತೆ ಮೆತ್ತಗಾಗುತ್ತದೆ. ಅದಕ್ಕೇ ಎಣ್ಣೆಯಲ್ಲಿ ಅದ್ದುವುದು. ಚಿಕ್ಕ ಬಾಣಲೆಯಲ್ಲಿ ಅರ್ಧ ಬೆರಳು ಎಣ್ಣೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ಒಂದೊಂದು ಬದಿ ಐದಾರು ಎಣಿಸುವಷ್ಟು. ಅಂಚಲ್ಲಿ ಗುಳ್ಳೆ ಏಳುತ್ತದೆ, ಟೋರ್ಟಿಯಾ ಒದ್ದೆ ಬಟ್ಟೆಯ ಹಾಗೆ ಇಕ್ಕಳದಿಂದ ಜೋಲುತ್ತದೆ. ಅಷ್ಟಾದರೆ ತೆಗೆಯಿರಿ. ಗರಿಗರಿಯಾದರೆ ಕೆಟ್ಟಿತು. ಕೂಡಲೇ ಬಿಸಿ ಸಾಸ್‌ನಲ್ಲಿ ಎರಡೂ ಕಡೆ ಅದ್ದಿ ತಟ್ಟೆಗೆ ಹಾಕಿ. ಎಣ್ಣೆಯ ಪದರ ಇರುವುದರಿಂದ ಸಾಸ್ ಬೇಗ ಒಳಗಿಳಿಯುವುದಿಲ್ಲ.

ಅಷ್ಟೊಂದು ಎಣ್ಣೆ ಬೇಡ ಅನ್ನಿಸಿದ ದಿನ ಎರಡೂ ಬದಿಗೆ ತೆಳ್ಳಗೆ ಎಣ್ಣೆ ಸವರಿ, ಓವನ್‌ನಲ್ಲಿ ಮೂರು ನಿಮಿಷ ಇಟ್ಟು ತೆಗೆಯುತ್ತೇನೆ. ನೂರಕ್ಕೆ ಎಂಬತ್ತು ಅದೇ ಫಲ.

ಸುತ್ತುವ ಕೆಲಸ ಮಕ್ಕಳದ್ದು. ಕೈಯೆಲ್ಲ ಕೆಂಪು, ಮೇಜೆಲ್ಲ ಕೆಂಪು. ಎರಡು ಚಮಚ ಖೀಮಾ, ಒಂದು ಚಿಟಿಕೆ ಚೀಸ್, ಸುರುಳಿ, ಅಂಚು ಕೆಳಗೆ ಬರುವಂತೆ ಟ್ರೇಯಲ್ಲಿ. 23 ಸೆಂಟಿಮೀಟರ್ ಅಗಲ, 33 ಉದ್ದದ ಟ್ರೇಯಲ್ಲಿ ಆರಿಂಚಿನ ಹತ್ತು ಒತ್ತೊತ್ತಾಗಿ ಕೂರುತ್ತವೆ. ಮಗಳು ತನ್ನದಕ್ಕೆ ಗುರುತಾಗಿ ಒಂದು ಆಲಿವ್ ಚೂರು ಚುಚ್ಚುತ್ತಾಳೆ. ತನ್ನದರಲ್ಲಿ ಚೀಸ್ ಎರಡು ಪಾಲು ಇದೆ ಅನ್ನುವುದು ಅವಳ ಗುಟ್ಟು. ಎಲ್ಲರಿಗೂ ಗೊತ್ತು.

ಉಳಿದ ಸಾಸ್ ಮೇಲೆ, ಅದರ ಮೇಲೆ ತುರಿದ ಚೀಸ್. ಚೀಸ್ ಗಟ್ಟಿ ತಂದು ಮನೆಯಲ್ಲೇ ತುರಿಯಿರಿ. ತುರಿದು ಮಾರುವುದಕ್ಕೆ ಅಂಟಿಕೊಳ್ಳದಿರಲಿ ಅಂತ ಪಿಷ್ಟದ ಪುಡಿ ಬೆರೆಸಿರುತ್ತಾರೆ, ಅದು ಹದವಾಗಿ ಕರಗುವುದಿಲ್ಲ. 190 ಡಿಗ್ರಿಯಲ್ಲಿ ಫಾಯಿಲ್ ಮುಚ್ಚಿ ಹದಿನೈದು ನಿಮಿಷ, ತೆಗೆದು ಇನ್ನೊಂದು ಎಂಟು. ಒಳಗಿನದ್ದು ಆಗಲೇ ಬೆಂದಿರುತ್ತದೆ. ಅಂಚಿನಲ್ಲಿ ಸಾಸ್ ಬುಳುಬುಳು ಅಂದು ಚೀಸ್ ಕಲೆ ಕಲೆಯಾಗಿ ಕಂದು ಬಂದರೆ ಆಯಿತು.

ಮೆಕ್ಸಿಕೊದವರು ಇದನ್ನು ನೋಡಿದರೆ ನಕ್ಕಾರು. ಅಲ್ಲಿ ಹೆಚ್ಚಾಗಿ ಟೋರ್ಟಿಯಾ ಸಾಸ್‌ನಲ್ಲಿ ಅದ್ದಿ, ಮಡಚಿ, ಪುಡಿಯಾಗುವ ಬಿಳಿ ಚೀಸ್ ಮತ್ತು ಹಸಿ ಈರುಳ್ಳಿ ಉದುರಿಸಿ ಕೊಡುತ್ತಾರೆ. ಓವನ್ ಬೇಕೇ ಬೇಕು ಅಂತಿಲ್ಲ. ಖೀಮಾ, ಜೀರಿಗೆ, ಮೇಲೆ ಕರಗಿದ ಹಳದಿ ಚೀಸ್, ಇದೆಲ್ಲ ಗಡಿ ದಾಟಿದ ಮೇಲೆ ಟೆಕ್ಸಸ್ ಕಡೆ ಬೆಳೆದ ರೂಢಿ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಂತೂ ಸುತ್ತದೆಯೇ ಒಂದರ ಮೇಲೊಂದು ಪೇರಿಸಿ, ತಲೆ ಮೇಲೆ ಮೊಟ್ಟೆ ಕೂರಿಸುವುದೂ ಉಂಟು. ನನಗೆ ಓವನ್ನೇ ಸರಿ. ಅದು ಬೇಯುವಷ್ಟು ಹೊತ್ತಿಗೆ ಪಾತ್ರೆ ತೊಳೆದು, ಮಗನ ಲೆಕ್ಕ ನೋಡಿ, ಮೇಜು ಒರೆಸಿ ಮುಗಿಸಬಹುದು.

ನಿಜವಾಗಿ ಸುಲಭ ಆಗಬೇಕಾದರೆ ಸಾಸ್ ಭಾನುವಾರವೇ ಮಾಡಿಡಿ. ಫ್ರಿಜ್‌ನಲ್ಲಿ ಮೂರು ದಿನಕ್ಕೆ ಏನೂ ಆಗುವುದಿಲ್ಲ, ರುಚಿ ಇನ್ನೂ ಕೂಡಿ ಬರುತ್ತದೆ. ಆದರೆ ಸಾಸ್ ಸುರಿದ ಟ್ರೇಯನ್ನು ಬೆಳಗ್ಗೆಯೇ ಸಿದ್ಧ ಮಾಡಿ ಸಂಜೆವರೆಗೆ ಇಡಬೇಡಿ. ಒಂದು ಸಲ ಜಾಣತನ ಮಾಡಲು ಹೋಗಿ ಚಮಚದಲ್ಲಿ ಬಡಿಸಬೇಕಾಯಿತು.

ಹೊರತೆಗೆದ ಮೇಲೆ ಹತ್ತು ನಿಮಿಷ ಮುಟ್ಟಬಾರದು. ಈ ಹತ್ತು ನಿಮಿಷ ನಮ್ಮ ಮನೆಯಲ್ಲಿ ದೊಡ್ಡ ಜಗಳದ ಹೊತ್ತು. ಕಳೆದ ಬುಧವಾರ ಹೆಂಡತಿ ಬಂದು ಚಪ್ಪಲಿ ಬಿಡುತ್ತಿದ್ದಂತೆ ಮಗಳು ಟ್ರೇಯ ಮೂಲೆಯಲ್ಲಿ ಕರಿಕಟ್ಟಿದ್ದ ಚೀಸನ್ನು ಚಮಚದಲ್ಲಿ ಕೆರೆಯುತ್ತಿದ್ದಳು.

"ಏಯ್, ಅದು ಅಮ್ಮಂದು" ಅಂದೆ.

"ಇನ್ನೂ ಮೂರು ಮೂಲೆ ಇದೆಯಲ್ಲಪ್ಪಾ" ಅಂದಳು, ಬಾಯಿ ತುಂಬಿಕೊಂಡೇ.